ಡ್ರಿಲ್‌ನ ಸ್ಪೀಡ್ ಆಮೇಲೆ, ಧೂಳು ಎಲ್ಲಿಗೆ ಹೋಗುತ್ತೆ ಹೇಳಿ

ದಾವಣಗೆರೆಯಿಂದ ಓದುಗರೊಬ್ಬರು ಮೆಸೇಜ್ ಕಳಿಸಿದ್ದಾರೆ. ಫಿಸಿಯೋಥೆರಪಿ ಓದಿ, ಪಾದದ ಆರೈಕೆಯ ತರಬೇತಿಯನ್ನೂ ಮುಗಿಸಿ, ಶುಗರ್ ಡಾಕ್ಟರೊಬ್ಬರ ಕ್ಲಿನಿಕ್‌ನಲ್ಲೇ ಒಂದು ಕೋಣೆ ಮಾಡಿಕೊಳ್ಳುತ್ತಿದ್ದಾರಂತೆ. ದಪ್ಪಗಟ್ಟಿದ ಉಗುರು, ಹಿಮ್ಮಡಿಯ ಒರಟು ಚರ್ಮ ತೀಡೋಕೆ ಡ್ರಿಲ್ ಬೇಕು. "ಮೇಡಂ, 30,000 ಆರ್‌ಪಿಎಂದು ತಗೊಳ್ಳಲಾ, 40,000ದ್ದಾ?" ಅಂತ ಕೇಳಿದ್ದಾರೆ.

ಎರಡರಲ್ಲಿ ಯಾವುದಾದರೂ ಸಾಕು. ಸ್ಪೀಡ್ ಅನ್ನೋದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆಯೋಕೆ ಚೆನ್ನಾಗಿರುತ್ತೆ, ಅಷ್ಟೇ. ನನ್ನ ಕೋಣೆಯಲ್ಲಿ ಯಂತ್ರ ಪೂರ್ತಿ ವೇಗದಲ್ಲಿ ಓಡೋದು ಅಪರೂಪ. ನೋಡಬೇಕಾದ್ದು ಬೇರೆ ಇದೆ. ಮನೆಯಲ್ಲಿ ಶುಗರ್ ಇರೋ ಅಪ್ಪನನ್ನೋ ಅತ್ತೆಯನ್ನೋ ಇಂಥ ಕೋಣೆಗೆ ಕರೆದುಕೊಂಡು ಹೋಗುವವರಿಗೂ ಇದು ಬೇಕಾಗುತ್ತೆ ಅಂತ ಸ್ವಲ್ಪ ಉದ್ದಕ್ಕೇ ಬರೀತಿದ್ದೀನಿ.

ಮೊದಲು ಬಿಸಿಯ ವಿಷಯ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಡಯಾಬಿಟಿಸ್ ಇದೆ. ಅದು ಹಳೆಯದಾದಂತೆ ಎಷ್ಟೋ ಜನರ ಪಾದಕ್ಕೆ ಸ್ಪರ್ಶವೇ ತಿಳಿಯೋದಿಲ್ಲ. 10 ಗ್ರಾಂ ಒತ್ತಡದ ಮಾನೊಫಿಲಮೆಂಟ್ ಎಳೆಯಿಂದ ಅಂಗಾಲು ಮುಟ್ಟಿದರೆ, "ಮುಟ್ಟಿದ್ರಾ?" ಅಂತ ನಮ್ಮನ್ನೇ ಕೇಳ್ತಾರೆ. ಅಂಥವರ ಉಗುರಿನ ಮೇಲೆ ಬರ್ ಒಂದೇ ಜಾಗದಲ್ಲಿ ನಿಂತು ಬಿಸಿಯಾದರೆ ಅವರು ಕಾಲು ಎಳೆದುಕೊಳ್ಳಲ್ಲ. ಹಾಯಾಗಿ ಮೊಮ್ಮಗನ ಕಥೆ ಹೇಳ್ತಾ ಕೂತಿರ್ತಾರೆ. ಸುಟ್ಟ ಗಾಯ ಗೊತ್ತಾಗೋದು ಎರಡು ದಿನ ಆದಮೇಲೆ.

ಹಾಗಾಗಿ ಸ್ಪೀಡ್‌ಗಿಂತ ಟಾರ್ಕ್ ನೋಡಿ. ಅಗ್ಗದ ಯಂತ್ರ ಬರಿಗಾಳಿಯಲ್ಲಿ ಜೋರಾಗಿ ತಿರುಗುತ್ತೆ, ದಪ್ಪ ಉಗುರಿಗೆ ತಾಗಿದ ಕೂಡಲೇ ಏದುಸಿರು ಬಿಡುತ್ತೆ. ಆಗ ಕೈ ತಾನಾಗಿ ಒತ್ತುತ್ತೆ, ಒತ್ತಿದಷ್ಟೂ ಬಿಸಿ. ಅಂಗಡಿಯಲ್ಲಿ ಯಂತ್ರ ಆನ್ ಮಾಡಿಸಿ, ಗಟ್ಟಿ ಪ್ಲಾಸ್ಟಿಕ್ ತುಂಡೊಂದರ ಮೇಲೆ ಹಗುರವಾಗಿ ಆಡಿಸಿ. ಸದ್ದು ಕುಗ್ಗಿದರೆ ವಾಪಸ್ ಇಟ್ಟುಬಿಡಿ. ಹಿಡಿದಾಗ ಬೆರಳು ಜುಮ್ಮೆನ್ನಬಾರದು. ದಿನವಿಡೀ ಹಿಡಿಯೋ ಕೈ ನಿಮ್ಮದೇ.

ಇನ್ನು ಧೂಳು. ನೇಲ್ ಸಲೂನ್‌ಗೆ ಅಂತ ಮಾರೋ ಬರೀ ಡ್ರಿಲ್, ಸಕ್ಷನ್ ಇರೋ ಡ್ರಿಲ್, ನೀರು ಸಿಂಪಡಿಸೋ ಡ್ರಿಲ್ ಅಂತ ಮೂರು ಥರ ಸಿಗುತ್ತೆ. ಮೊದಲನೆಯದನ್ನು ಮರೆತುಬಿಡಿ. ಶಿಲೀಂಧ್ರ ಹಿಡಿದ ಉಗುರನ್ನು ತೀಡಿದಾಗ ಏಳೋ ಪುಡಿ ಎಷ್ಟು ನುಣುಪು ಅಂದ್ರೆ, ಅದು ಟೇಬಲ್ ಮೇಲೆ ಕೂರೋ ಮೊದಲೇ ಮೂಗಿಗೆ ಹೋಗಿರುತ್ತೆ. ಬ್ರಿಟನ್‌ನಲ್ಲಿ ಇದನ್ನೇ ವೃತ್ತಿಯಾಗಿ ಮಾಡುವವರನ್ನು ಪರೀಕ್ಷಿಸಿದಾಗ ಕೆಲವರ ರಕ್ತದಲ್ಲಿ ಟ್ರೈಕೊಫೈಟಾನ್ ರೂಬ್ರಮ್ ಅನ್ನೋ ಉಗುರಿನ ಶಿಲೀಂಧ್ರದ ವಿರುದ್ಧ ಪ್ರತಿಕಾಯಗಳು ಸಿಕ್ಕಿದ್ದವು. ಕಣ್ಣುರಿ, ಕೆಮ್ಮು ಅಂತೂ ಈ ಕೆಲಸದವರಿಗೆ ಹಳೇ ಪರಿಚಯ.

ನೀರಿನ ಸ್ಪ್ರೇ ಧೂಳನ್ನೂ ಕೂರಿಸುತ್ತೆ, ಉಗುರನ್ನೂ ತಂಪಾಗಿಡುತ್ತೆ. ಆದರೆ ಹನಿ ಹಾರುತ್ತೆ, ಟ್ಯಾಂಕನ್ನು ದಿನಾ ಸಂಜೆ ಖಾಲಿ ಮಾಡಿ ಒಣಗಿಸಬೇಕು. ನಿಂತ ನೀರಲ್ಲಿ ಏನೇನು ಬೆಳೆಯುತ್ತೋ! ಸಕ್ಷನ್ ಯಂತ್ರಕ್ಕೆ ಸದ್ದು ಜಾಸ್ತಿ, ಹ್ಯಾಂಡ್‌ಪೀಸೂ ದಪ್ಪ. ಕಿಟಕಿ ಸರಿಯಾಗಿಲ್ಲದ ಸಣ್ಣ ಕೋಣೆಗೆ ನಾನಾದರೆ ಸಕ್ಷನ್ನೇ ಆರಿಸ್ತೀನಿ. ಅದರ ಬಾಯಿ ಬರ್‌ಗೆ ಅಂಟಿಕೊಂಡ ಹಾಗೆ ಇರಬೇಕು. ಒಳಗಿನ ಚೀಲ ತುಂಬೋವರೆಗೂ ಕಾಯಬೇಡಿ, ಎಳೆತ ಕಡಿಮೆಯಾಯ್ತು ಅನ್ನಿಸಿದಾಗಲೇ ಬದಲಾಯಿಸಿ, ಕೋಣೆಯಲ್ಲಿ ರೋಗಿ ಇಲ್ಲದಾಗ, ಗ್ಲೌಸು ಮಾಸ್ಕು ಹಾಕಿಕೊಂಡು. ಸಕ್ಷನ್ ಇದೆ ಅಂತ ಕೆಲಸ ಮಾಡುವಾಗ ಮಾಸ್ಕ್, ಕನ್ನಡಕ ಬಿಡೋ ಹಾಗೂ ಇಲ್ಲ.

ಜನ ದುಡ್ಡು ಉಳಿಸೋಕೆ ಹೋಗೋದು ಬರ್‌ನಲ್ಲಿ. ಯಂತ್ರಕ್ಕೆ ಸುರಿದು, ಬರ್ ಮಾತ್ರ ನಾಲ್ಕೇ ನಾಲ್ಕು ತರ್ತಾರೆ. ಲೆಕ್ಕ ಹಾಕಿ: ದಿನಕ್ಕೆ 8 ಜನ, ಒಬ್ಬರಿಗೆ ಉಗುರಿಗೊಂದು ಚರ್ಮಕ್ಕೊಂದು ಅಂದರೂ 16 ಬರ್. ಆಟೊಕ್ಲೇವ್ ಸಂಜೆ ಒಂದೇ ಸಲ ಹಾಕೋದಾದರೆ ಆ 16 ನಿಮ್ಮ ಹತ್ತಿರ ಇರಲೇಬೇಕು. ನಾಲ್ಕೇ ಇದ್ದರೆ ಏನಾಗುತ್ತೆ ನನಗೂ ಗೊತ್ತು, ನಿಮಗೂ ಗೊತ್ತು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಮುಂದಿನವರಿಗೆ! ಸ್ಪಿರಿಟ್ ಬ್ಯಾಕ್ಟೀರಿಯಾದ ಸ್ಪೋರ್‌ಗಳನ್ನು ಕೊಲ್ಲಲ್ಲ, ಹಲ್ಲುಗಳ ಸಂದಿಯಲ್ಲಿ ಕೂತ ಪುಡಿಯನ್ನು ತೆಗೆಯೋದೂ ಇಲ್ಲ. ಬಳಸಿದ ಬರನ್ನು ನೀರಿನೊಳಗೇ ಮುಳುಗಿಸಿ ಬ್ರಷ್ ಮಾಡಿ, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು, ಒಣಗಿಸಿ, ಪೌಚ್‌ಗೆ ಹಾಕಿ 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಅಥವಾ 121ರಲ್ಲಿ 15 ನಿಮಿಷ. ಪೌಚ್ ಬಳಸೋದಾದರೆ ವ್ಯಾಕ್ಯೂಮ್ ಇರೋ ಆಟೊಕ್ಲೇವೇ ಬೇಕು. ಮುಂದಿನ ಸಲ ಅಪ್ಪನ ಜೊತೆ ಹೋದಾಗ ಬರ್ ಸೀಲ್ ಆದ ಪೌಚ್‌ನಿಂದ ಹೊರಬಂತಾ ನೋಡಿ. ಕೇಳೋದಕ್ಕೂ ಸಂಕೋಚ ಬೇಡ.

ಬರ್‌ನ ದಂಟು ಸಾಮಾನ್ಯವಾಗಿ 2.35 ಮಿಲಿಮೀಟರ್, ಡೆಂಟಲ್ ಲ್ಯಾಬ್‌ನವರು ಬಳಸೋ ಅಳತೆಯೇ. ದಾವಣಗೆರೆಯಲ್ಲಿ ಡೆಂಟಲ್ ಕಾಲೇಜುಗಳಿವೆ, ಸಾಮಾನು ಹುಡುಕೋದು ಕಷ್ಟವಾಗಲಾರದು. ಟಂಗ್‌ಸ್ಟನ್ ಕಾರ್ಬೈಡ್ ದಪ್ಪ ಉಗುರನ್ನು ಬೇಗ ಇಳಿಸುತ್ತೆ, ಡೈಮಂಡ್ ನಯ ಮಾಡೋಕೆ ಚೆನ್ನ. ಸಾದಾ ಉಕ್ಕಿನದು ಆಟೊಕ್ಲೇವ್‌ನಲ್ಲಿ ತುಕ್ಕು ಹಿಡಿಯುತ್ತೆ. ಹಿಮ್ಮಡಿಗೆ ಹಾಕೋ ಮರಳುಕಾಗದದ ಟೋಪಿ ಒಬ್ಬರಿಗೆ ಒಂದು, ಆಮೇಲೆ ಕಸದ ಬುಟ್ಟಿಗೆ. ಬಿದ್ದು ಸೊಟ್ಟಗಾದ ಬರನ್ನು ಇಟ್ಟುಕೊಳ್ಳಬೇಡಿ. ಅದು ಅಲುಗಾಡಿ ಬೇರಿಂಗನ್ನೇ ತಿಂದುಹಾಕುತ್ತೆ.

ಅಂದ ಹಾಗೆ, ಉಗುರಿನಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡರಂತೆ ಅನ್ನೋ ಗಾದೆ ನಮ್ಮ ಕೆಲಸಕ್ಕೇ ಮಾಡಿದ ಹಾಗಿದೆ. ನಿಪ್ಪರ್‌ನಲ್ಲಿ ಹೋಗೋದನ್ನು ನಿಪ್ಪರ್‌ನಲ್ಲೇ ತೆಗೆಯಿರಿ, ಡ್ರಿಲ್ ಉಳಿದದ್ದಕ್ಕೆ. ಗಾಯ, ಕೀವು, ಕಪ್ಪಗಾದ ಬೆರಳು ಕಂಡರೆ ಡ್ರಿಲ್ ಮುಟ್ಟದೆ ಡಾಕ್ಟರ ಹತ್ತಿರ ಕಳಿಸಿ.

ಹ್ಯಾಂಡ್‌ಪೀಸ್ ವಿಷಯದಲ್ಲಿ ಮ್ಯಾನ್ಯುಯಲ್ ಹೇಳಿದ್ದೇ ಕೊನೆ. ಒಳಗೆ ಮೋಟಾರ್ ಇದ್ದರೆ ನೀರಲ್ಲಿ ಅದ್ದಬೇಡಿ. 134 ಡಿಗ್ರಿ ಗುರುತು ಇಲ್ಲದಿದ್ದರೆ ಆಟೊಕ್ಲೇವ್‌ಗೂ ಬೇಡ. ಪ್ರತಿ ರೋಗಿಗೂ ಹೊಸ ಕವರ್ ಹಾಕಿ, ಕೆಲಸ ಮುಗಿದಮೇಲೆ ಒರೆಸಿ. ಸೀಲ್ಡ್ ಬೇರಿಂಗ್ ಇದ್ದರೆ ಎಣ್ಣೆ ಬಿಡಬೇಡಿ. ಹೊಲಿಗೆ ಮೆಷಿನ್ ಥರ ಎಲ್ಲಕ್ಕೂ ಎಣ್ಣೆ ಬಿಡೋ ಚಾಳಿ ನಮಗೆ! ಬರ್ ಹಿಡಿಯೋ ಕಾಲೆಟ್‌ನಲ್ಲಿ ಪುಡಿ ಸೇರಿದರೆ ಹಿಡಿತ ಸಡಿಲ, ವಾರಕ್ಕೊಮ್ಮೆ ಸ್ವಚ್ಛ ಮಾಡಿ. ಅದು ತೆರೆದಿರುವಾಗ ಆನ್ ಮಾಡಬೇಡಿ.

ಕೊಡಿಸೋವರನ್ನು ಎರಡು ಕೇಳಿ: ಕಾಲೆಟ್, ಕಾರ್ಬನ್ ಬ್ರಷ್, ಫಿಲ್ಟರ್ ಚೀಲ ಬಿಡಿಯಾಗಿ ಸಿಗುತ್ತಾ? ಕೆಟ್ಟರೆ ರಿಪೇರಿ ಬೆಂಗಳೂರಲ್ಲಾ, ಹುಬ್ಬಳ್ಳಿಯಲ್ಲಾ, ಹೊರದೇಶಕ್ಕೇ ಕಳಿಸಬೇಕಾ? ಮೂರನೆಯದು ಅಂದರೆ ಎರಡನೇ ಹ್ಯಾಂಡ್‌ಪೀಸ್‌ನ ದುಡ್ಡನ್ನೂ ಈಗಲೇ ಸೇರಿಸಿಕೊಂಡು ಬಜೆಟ್ ಹಾಕಿ.