ಚಿಂಚಲಿ ಜಾತ್ರೆಯ ತಯಾರಿ ಡಿಸೆಂಬರ್‌ನಲ್ಲೇ ಶುರುವಾಗಲಿ

ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಡಿಸೆಂಬರ್ 25 ಅಂದರೆ ಸರ್ಕಾರಿ ಕಚೇರಿಗಳಿಗೆ ರಜೆ, ಶಾಲೆ ಮಕ್ಕಳಿಗೆ ಪ್ರವಾಸದ ದಿನಗಳು, ರೈತರಿಗೆ ಕಬ್ಬಿನ ಫಡದ ಗಡಿಬಿಡಿ. ಊರಿನ ದೊಡ್ಡ ಹಬ್ಬ ಬರುವುದು ಅದಾದ ಮೇಲೆ, ಭಾರತ ಹುಣ್ಣಿಮೆಗೆ. ಮಾಯಕ್ಕಾದೇವಿ ಜಾತ್ರೆಗೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ, ಗಡಿಯಾಚೆಯ ಸಾಂಗ್ಲಿ, ಕೊಲ್ಹಾಪುರ, ಸೊಲ್ಲಾಪುರ, ಸಾತಾರಾ ಕಡೆಯಿಂದ ಲಕ್ಷಾಂತರ ಜನ ಬರುತ್ತಾರೆ. ಚಕ್ಕಡಿ ಕಟ್ಟಿಕೊಂಡು ಬಂದು ಹೊಲದಲ್ಲೇ ಬಿಡಾರ ಹೂಡಿ, ಒಲೆ ಹಚ್ಚಿ, ಹೋಳಿಗೆ ಬೇಯಿಸಿ ನೈವೇದ್ಯ ಕೊಡುವ ಜಾತ್ರೆ ಅದು. ಈ ಹುಣ್ಣಿಮೆ 2023ರಲ್ಲಿ ಫೆಬ್ರುವರಿ 5ಕ್ಕೆ ಬಂದಿತ್ತು, 2026ರಲ್ಲಿ ಫೆಬ್ರುವರಿ 1ಕ್ಕೆ. ಅಂದರೆ ಕ್ರಿಸ್‌ಮಸ್‌ನಿಂದ ಲೆಕ್ಕ ಹಾಕಿದರೆ ಒಮ್ಮೆ 42 ದಿನ, ಇನ್ನೊಮ್ಮೆ 38 ದಿನ. ಪಟ್ಟಣ ಪಂಚಾಯಿತಿಯ ಕೈಯಲ್ಲಿರುವ ಕಾಲ ಇಷ್ಟೇ. ವರ್ಷದ ಕೊನೆಯ ಎರಡು ವಾರಗಳನ್ನು ರಜೆಯ ಗುಂಗಿನಲ್ಲಿ ಕಳೆಯದೆ, ಡಿಸೆಂಬರ್‌ನಲ್ಲೇ ಬಹಿರಂಗ ಸಭೆ ಕರೆದು, ಜಾತ್ರೆ ಮುಗಿಯುವವರೆಗಿನ ನೀರು, ಕಸ, ದೀಪ, ಶೌಚಾಲಯಗಳ ವೇಳಾಪಟ್ಟಿಯನ್ನು ಊರ ಮುಂದೆ ಇಡುವುದು ಚಿಂಚಲಿಯಂಥ ಸಣ್ಣ ಪಟ್ಟಣಕ್ಕೆ ಅತ್ಯಂತ ಅಗತ್ಯವಾದ ನಾಗರಿಕ ಸೇವೆ ಎಂಬುದು ಈ ಲೇಖನದ ವಾದ.

ಡಿಸೆಂಬರ್‌ನಲ್ಲೇ ಏಕೆ? ಸಂಖ್ಯೆಗಳೇ ಉತ್ತರ ಹೇಳುತ್ತವೆ. ಕರ್ನಾಟಕ ಪುರಸಭೆಗಳ ಕಾಯ್ದೆ 1964ರ ಪ್ರಕಾರ ಪಟ್ಟಣ ಪಂಚಾಯಿತಿ ಎಂದರೆ ಹತ್ತರಿಂದ ಇಪ್ಪತ್ತು ಸಾವಿರ ಜನಸಂಖ್ಯೆಯ ಊರು. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಎನ್ನುವುದು ರಾಜ್ಯ ಸರ್ಕಾರದ ಮಾನದಂಡ. ಇಪ್ಪತ್ತು ಸಾವಿರ ಜನ ಇದ್ದರೂ ಆ ಲೆಕ್ಕಕ್ಕೆ ಸಿಗುವವರು 28 ಮಂದಿ. ಮಂಜೂರಾದ ಹುದ್ದೆಗಳೆಲ್ಲ ಭರ್ತಿಯಾಗಿವೆ ಎಂದೇ ಇಟ್ಟುಕೊಳ್ಳೋಣ. ಆ 28 ಜೊತೆ ಕೈಗಳು ಊರಿನವರ ಕಸಕ್ಕೆ ಲೆಕ್ಕ ಹಾಕಿ ಕೊಟ್ಟವು. ಜಾತ್ರೆಯ ಲಕ್ಷ ಜನ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಹಾಗಾಗಿ ನೆರೆಯ ಪುರಸಭೆಗಳಿಂದ ಕಾರ್ಮಿಕರನ್ನು ಕರೆಸಬೇಕು, ನೀರಿನ ಟ್ಯಾಂಕರ್‌ಗಳನ್ನು ಗೊತ್ತು ಮಾಡಬೇಕು, ತಾತ್ಕಾಲಿಕ ಶೌಚಾಲಯಗಳಿಗೆ ಟೆಂಡರ್ ಕರೆಯಬೇಕು, ಬಿಡಾರಕ್ಕೆ ಹೊಲ ಬಿಟ್ಟುಕೊಡುವ ರೈತರೊಂದಿಗೆ ಮಾತಾಡಬೇಕು. ಇದರಲ್ಲಿ ಒಂದೂ ಜಾತ್ರೆಗೆ ವಾರ ಇರುವಾಗ ಆಗುವ ಕೆಲಸವಲ್ಲ. ಅವಸರದಲ್ಲಿ ಮಾಡಿದರೆ ದರ ಹೆಚ್ಚುತ್ತದೆ, ಪೈಪೋಟಿ ಇಲ್ಲದೆ ಗುತ್ತಿಗೆ ಹೋಗುತ್ತದೆ, ಕೊನೆಗೆ ಮಹಿಳೆಯರು ಕತ್ತಲಾಗುವವರೆಗೆ ಕಾಯಬೇಕಾಗುತ್ತದೆ. ಬಯಲಲ್ಲಿ ಬಿಡಾರ ಹೂಡಿದ ಹೆಣ್ಣುಮಗಳಿಗೆ ಶೌಚಾಲಯ ಎಷ್ಟು ದೂರದಲ್ಲಿದೆ, ಅಲ್ಲಿ ದೀಪ ಉರಿಯುತ್ತಿದೆಯೇ ಎಂಬುದು ಜಾತ್ರೆಯ ಉಳಿದೆಲ್ಲ ವ್ಯವಸ್ಥೆಗಿಂತ ಮುಖ್ಯ. ನಮ್ಮ ಪೂರ್ವಸಿದ್ಧತಾ ಸಭೆಗಳಲ್ಲಿ ಗಣ್ಯರ ವಾಹನ ನಿಲುಗಡೆಗೆ ಸಿಗುವ ಸಮಯ ಇದಕ್ಕೆ ಸಿಗಬೇಕು.

ಸಿದ್ಧತೆ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಬಹಳ ದೂರ ಹೋಗಬೇಕಿಲ್ಲ. 2005ರ ಜನವರಿ 25ರಂದು, ಬನದ ಹುಣ್ಣಿಮೆಯ ದಿನ, ಸಾತಾರಾ ಜಿಲ್ಲೆಯ ವಾಯಿ ಬಳಿಯ ಮಾಂಢರದೇವಿ ಜಾತ್ರೆಯಲ್ಲಿ ಕಾಲ್ತುಳಿತಕ್ಕೆ ಸುಮಾರು 300 ಜನ ಸತ್ತರು. ಒಡೆದ ತೆಂಗಿನಕಾಯಿಗಳ ನೀರಿನಿಂದ ಜಾರುತ್ತಿದ್ದ ಮೆಟ್ಟಿಲು, ಇಕ್ಕೆಲದಲ್ಲಿ ಅಂಗಡಿಗಳು ಒತ್ತಿಕೊಂಡಿದ್ದ ಇಕ್ಕಟ್ಟಿನ ದಾರಿ, ಅಂಗಡಿಗಳಿಗೆ ಹತ್ತಿದ ಬೆಂಕಿ, ಸಿಡಿದ ಗ್ಯಾಸ್ ಸಿಲಿಂಡರ್. ಇವೆಲ್ಲ ದೈವಚಿತ್ತವೇನಲ್ಲ. ಅಂಗಡಿಯನ್ನು ಎಲ್ಲಿ ಹಾಕಬೇಕು, ಸಿಲಿಂಡರ್ ಎಲ್ಲಿ ಇಡಬಾರದು, ಮೆಟ್ಟಿಲು ಯಾರು ತೊಳೆಯಬೇಕು ಎಂಬ ಸ್ಥಳೀಯ ಆಡಳಿತದ ದಿನನಿತ್ಯದ ಪ್ರಶ್ನೆಗಳು. ಅಲ್ಲಿಗೆ ಹೋಗುವ ಪ್ರದೇಶದ ಭಕ್ತರೇ ಚಿಂಚಲಿಗೂ ಬರುತ್ತಾರೆ. ಚಿಂಚಲಿಯ ನೆಲ ಬೆಟ್ಟವಲ್ಲ ನಿಜ. ಆದರೆ ಒಲೆ, ಸಿಲಿಂಡರ್, ಸಾಲು ಅಂಗಡಿ, ಒಂದೇ ಹೊತ್ತಿಗೆ ಒಂದೇ ಬಾಗಿಲಿಗೆ ನುಗ್ಗುವ ಜನ, ಇವು ಇಲ್ಲಿಯೂ ಇವೆ.

ಆದರೆ ಡಿಸೆಂಬರ್ ನಮ್ಮ ಸ್ಥಳೀಯ ಸಂಸ್ಥೆಗಳ ಕೈತಪ್ಪಿ ಹೋಗುವ ತಿಂಗಳು. 2021ರ ಡಿಸೆಂಬರನ್ನೇ ನೋಡಿ. 10ರಂದು ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ ಮತದಾನ, 14ಕ್ಕೆ ಎಣಿಕೆ. 13ರಿಂದ 24ರವರೆಗೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ, ಜಿಲ್ಲೆಯ ಅಧಿಕಾರಿಗಳೆಲ್ಲ ಅತ್ತ ಕಡೆ. ಕ್ರಿಸ್‌ಮಸ್ ಕಳೆದು ಎರಡೇ ದಿನಕ್ಕೆ, 27ರಂದು, ಚಿಂಚಲಿಯೂ ಸೇರಿ ರಾಜ್ಯದ ಹಲವು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ, 30ಕ್ಕೆ ಫಲಿತಾಂಶ. ನವೆಂಬರ್‌ನಲ್ಲಿ ಶುರುವಾದ ನೀತಿ ಸಂಹಿತೆಯ ನೆರಳು ವರ್ಷದ ಕೊನೆಯವರೆಗೂ ಇತ್ತು. ಮುಂದಿನ ಭಾರತ ಹುಣ್ಣಿಮೆ ಬಂದದ್ದು 2022ರ ಫೆಬ್ರುವರಿ 16ಕ್ಕೆ. ಗೆದ್ದವರ ಕೈಯ ಗುಲಾಲು ಆರುವ ಮೊದಲೇ ಜಾತ್ರೆ ಬಾಗಿಲಲ್ಲಿ ನಿಂತಿತ್ತು. ಪ್ರತಿ ವರ್ಷ ಚುನಾವಣೆ ಇರುವುದಿಲ್ಲವೆನ್ನಬಹುದು. ಅಧಿವೇಶನವಂತೂ ಬಹುತೇಕ ಪ್ರತಿ ವರ್ಷವೂ ಇರುತ್ತದೆ.

ಚುನಾವಣೆ ನಡೆದ ಮಾತ್ರಕ್ಕೆ ಊರಿಗೆ ಅಧ್ಯಕ್ಷರು ಸಿಗುತ್ತಾರೆ ಎಂಬ ಖಾತರಿಯೂ ನಮ್ಮಲ್ಲಿಲ್ಲ. 2018ರ ಆಗಸ್ಟ್ 31ರಂದು ಮತದಾನವಾದ ರಾಜ್ಯದ ಅನೇಕ ನಗರ ಸಂಸ್ಥೆಗಳಲ್ಲಿ ಅಧ್ಯಕ್ಷ–ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ನ್ಯಾಯಾಲಯದಲ್ಲಿ ಸಿಕ್ಕಿಹಾಕಿಕೊಂಡಿತು. ಆಯ್ಕೆ ನಡೆದದ್ದು 2020ರ ಅಕ್ಟೋಬರ್–ನವೆಂಬರ್‌ನಲ್ಲಿ. ಎರಡನೇ ಅವಧಿಯ ಪಟ್ಟಿಗಾಗಿ 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ನಡುವೆ ಆಡಳಿತಾಧಿಕಾರಿಗಳೇ ಸಂಸ್ಥೆ ನಡೆಸಿದರು. ಇದಕ್ಕೆ ವ್ಯತಿರಿಕ್ತವಾಗಿ ಕೇರಳದಲ್ಲಿ 2020ರ ಡಿಸೆಂಬರ್ 16ರಂದು ಸ್ಥಳೀಯ ಸಂಸ್ಥೆಗಳ ಮತ ಎಣಿಕೆಯಾಯಿತು, 21ಕ್ಕೆ ಸದಸ್ಯರ ಪ್ರಮಾಣ ವಚನ ಮುಗಿಯಿತು, ಕ್ರಿಸ್‌ಮಸ್ ಆಚರಿಸಿ 28 ಮತ್ತು 30ರಂದು ಅಧ್ಯಕ್ಷರ ಆಯ್ಕೆಯೂ ಆಯಿತು. ಕೋವಿಡ್ ಕಾಲದಲ್ಲಿ, ಕ್ರಿಸ್‌ಮಸ್ ನಿಜಕ್ಕೂ ದೊಡ್ಡ ಹಬ್ಬವಾದ ರಾಜ್ಯದಲ್ಲಿ, ಎಲ್ಲ ಸೇರಿ ಎರಡು ವಾರ. ಹಬ್ಬ ಮತ್ತು ರಜೆ ಆಡಳಿತಕ್ಕೆ ಅಡ್ಡಿ ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ಇನ್ನೊಂದು ಕೊರತೆ ಆಳವಾದದ್ದು, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಚಿಂಚಲಿಯೂ ಮೊದಲು ಗ್ರಾಮ ಪಂಚಾಯಿತಿಯಾಗಿದ್ದ ಊರು. ಗ್ರಾಮ ಪಂಚಾಯಿತಿಯಲ್ಲಿ ವಾರ್ಡ್ ಸಭೆ, ಗ್ರಾಮ ಸಭೆ ಕಡ್ಡಾಯ. ಆರು ತಿಂಗಳಿಗೊಮ್ಮೆಯಾದರೂ ಜನ ಕೂಡಬೇಕು, ಲೆಕ್ಕ ಕೇಳಬೇಕು, ಕಾಮಗಾರಿಯ ಪಟ್ಟಿ ಅಲ್ಲೇ ತಯಾರಾಗಬೇಕು ಎನ್ನುತ್ತದೆ 1993ರ ಪಂಚಾಯತ್ ರಾಜ್ ಕಾಯ್ದೆ. ಊರು ಪಟ್ಟಣ ಪಂಚಾಯಿತಿಯಾದ ದಿನ ಆ ಹಕ್ಕು ಹೋಯಿತು. ನಗರಗಳಿಗೆ ಸಂವಿಧಾನ ಕೊಟ್ಟದ್ದು ವಾರ್ಡ್ ಸಮಿತಿ. ಆದರೆ 74ನೇ ತಿದ್ದುಪಡಿಯಲ್ಲಿ ಅದು ಕಡ್ಡಾಯವಾಗಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. ಹೀಗೆ ಸಣ್ಣ ಪಟ್ಟಣದವನಿಗೆ ಗ್ರಾಮ ಸಭೆಯೂ ಇಲ್ಲ, ವಾರ್ಡ್ ಸಮಿತಿಯೂ ಇಲ್ಲ. ಬಡ್ತಿ ಸಿಕ್ಕಿತು, ಮುಖ್ಯಾಧಿಕಾರಿ ಬಂದರು, ಮಾತಾಡುವ ಜಾಗ ಹೋಯಿತು. ರಾಯಬಾಗ, ಅಥಣಿ, ಚಿಕ್ಕೋಡಿ, ಕಾಗವಾಡ ಭಾಗದ ಐನಾಪುರ, ಶೇಡಬಾಳ, ಯಕ್ಸಂಬಾ, ಬೋರಗಾವ, ಕಂಕಣವಾಡಿಗಳ ಸ್ಥಿತಿಯೂ ಇದೇ. ಕೇರಳದ ಪುರಸಭೆ ಕಾಯ್ದೆ ಒಂದು ಲಕ್ಷದೊಳಗಿನ ಊರುಗಳಿಗೂ ವಾರ್ಡ್ ಸಭೆ ಕೊಟ್ಟಿದೆ. ನಮ್ಮ ಶಾಸಕರು ಬೆಳಗಾವಿಯಲ್ಲೇ ಕೂತು ಅಧಿವೇಶನ ನಡೆಸುವಾಗ ಈ ತಿದ್ದುಪಡಿಯನ್ನು ಕೈಗೆತ್ತಿಕೊಳ್ಳಲಿ. ಅಲ್ಲಿಯವರೆಗೆ ಪಟ್ಟಣ ಪಂಚಾಯಿತಿ ತಾನಾಗಿ ಡಿಸೆಂಬರ್‌ನಲ್ಲಿ ಒಂದು ಊರ ಸಭೆ ಕರೆಯುವುದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಮಾರ್ಚ್ ಒಳಗೆ ಆಗಬೇಕಾದ ಬಜೆಟ್‌ಗೂ ಆ ಸಭೆಯೇ ಬುನಾದಿಯಾಗುತ್ತದೆ.

ಆ ಸಭೆಯಿಂದ ಹೊರಬರಬೇಕಾದದ್ದು ಒಂದೇ ಹಾಳೆ. ಬ್ರಿಟನ್ನಿನ ಊರಾಡಳಿತಗಳು ಕ್ರಿಸ್‌ಮಸ್‌ಗೆ ಮೊದಲೇ ಪ್ರತಿ ಬೀದಿಗೆ ತಿಳಿಸುತ್ತವೆ: ರಜೆಯ ವಾರದಲ್ಲಿ ಕಸದ ಗಾಡಿ ಯಾವ ದಿನ ಬರುತ್ತದೆ, ಕಚೇರಿ ಎಂದು ಮುಚ್ಚಿರುತ್ತದೆ, ತುರ್ತು ಇದ್ದರೆ ಯಾರಿಗೆ ಫೋನ್ ಮಾಡಬೇಕು. ಇದಕ್ಕೆ ಶ್ರೀಮಂತಿಕೆ ಬೇಕಿಲ್ಲ. ಮೊದಲೇ ನಿರ್ಧರಿಸುವ ಶಿಸ್ತು ಸಾಕು. ಚಿಂಚಲಿಯ ಹಾಳೆಯಲ್ಲಿ ಡಿಸೆಂಬರ್ 25ರ ಮತ್ತು ಸಂಕ್ರಾಂತಿಯ ರಜೆಯಂದು ಕಸದ ಗಾಡಿ ಬರುತ್ತದೆಯೇ, ಯಾವ ಓಣಿಗೆ ಯಾವ ದಿನ ನಳದ ನೀರು, ಜಾತ್ರೆಯ ದಿನಗಳಲ್ಲಿ ಊರವರ ನೀರಿನ ಸರದಿ ಬದಲಾಗುವುದಾದರೆ ಎಂದಿನಿಂದ, ರೈಲು ನಿಲ್ದಾಣದಿಂದ ಗುಡಿಯವರೆಗಿನ ಬೀದಿದೀಪ ಯಾವ ತಾರೀಖಿನೊಳಗೆ ದುರಸ್ತಿ, ಶೌಚಾಲಯ ಎಷ್ಟು, ಎಲ್ಲಿ, ತೊಳೆಯುವವರು ಯಾರು, ಎಷ್ಟು ಖರ್ಚು ಎಂಬುದಿರಲಿ. ಹಾಳೆಯನ್ನು ಪಂಚಾಯಿತಿ ಗೋಡೆಗೆ, ಬಸ್ ನಿಲ್ದಾಣಕ್ಕೆ, ಕಿರಾಣಿ ಅಂಗಡಿಗಳಿಗೆ ಅಂಟಿಸಲಿ. ಯಾರು ಓದುತ್ತಾರೆ ಎಂದು ಕೇಳುವವರಿದ್ದಾರೆ. ಓದಲಾರದವರಿಗೆ ಡಂಗುರ ಇದೆ, ಬೆಳಿಗ್ಗೆ ಹಾಡು ಹಾಕಿಕೊಂಡು ಮನೆಮುಂದೆ ಬರುವ ಕಸದ ಗಾಡಿಯ ಮೈಕ್ ಇದೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಕೂಡ ಹೇಳುವುದು ಇದನ್ನೇ: ಜನ ಅರ್ಜಿ ಹಾಕುವ ಪ್ರಮೇಯವೇ ಬರದಂತೆ ಕಚೇರಿ ತಾನಾಗಿ ತಿಳಿಸಬೇಕು.

ಜಾತ್ರೆ ದೇವಸ್ಥಾನದವರದ್ದು, ಬಂದೋಬಸ್ತು ತಹಶೀಲ್ದಾರರು ಮತ್ತು ಪೊಲೀಸರದ್ದು, ಪಂಚಾಯಿತಿಗೇಕೆ ಹೊಣೆ ಎಂಬ ಆಕ್ಷೇಪಕ್ಕೆ ಸ್ವಲ್ಪ ಬಲವಿದೆ. ಇಷ್ಟು ದೊಡ್ಡ ಜನಜಾತ್ರೆಯನ್ನು ಸಣ್ಣ ಪಂಚಾಯಿತಿ ಒಂದೇ ಹೊರಲಾರದು, ಹೊರಬೇಕೆಂದು ಹೇಳುವುದೂ ಅನ್ಯಾಯ. ಆದರೆ ಬೀದಿ ಗುಡಿಸುವುದು, ದೀಪ, ಚರಂಡಿ, ನೀರು ಪುರಸಭೆ ಕಾಯ್ದೆಯ 87ನೇ ಸೆಕ್ಷನ್‌ನಲ್ಲಿ ಕಡ್ಡಾಯ ಕರ್ತವ್ಯಗಳು. ಜಾತ್ರೆ ಬಂದಾಗ ಅವು ಬೇರೆಯವರಿಗೆ ವರ್ಗವಾಗುವುದಿಲ್ಲ. ಹೊಣೆ ಹಂಚಿಕೊಳ್ಳುವುದಾದರೆ ಹಂಚಿಕೆ ಬರಹದಲ್ಲಿರಲಿ: ದೇವಸ್ಥಾನ ಯಾವುದಕ್ಕೆ ಹಣ ಕೊಡುತ್ತದೆ, ತಾಲ್ಲೂಕು ಆಡಳಿತ ಏನು ಮಾಡುತ್ತದೆ, ಪಂಚಾಯಿತಿಗೆ ಏನು ಉಳಿಯುತ್ತದೆ. ಹಾಗೆ ಬರೆದಿಟ್ಟ ಪಟ್ಟಿ ಇದ್ದರೆ, ಲಕ್ಷಾಂತರ ಯಾತ್ರಿಕರನ್ನು ಸಂಭಾಳಿಸುವ ಊರಿಗೆ ಬರೀ ಜನಗಣತಿಯ ತಲೆಲೆಕ್ಕದಲ್ಲಿ ಪೌರಕಾರ್ಮಿಕರನ್ನೂ ಅನುದಾನವನ್ನೂ ಕೊಡುವುದು ಸರಿಯಲ್ಲ ಎಂದು ಸರ್ಕಾರದ ಮುಂದೆ ವಾದಿಸಲು ಪಂಚಾಯಿತಿಗೆ ಆಧಾರವೂ ಸಿಗುತ್ತದೆ. ಲೆಕ್ಕಕ್ಕೆ ಬಾರದವರು ಯಾತ್ರಿಕರಷ್ಟೇ ಅಲ್ಲ. ಇದೇ ತಿಂಗಳುಗಳಲ್ಲಿ ಕಬ್ಬು ಕಡಿಯುವ ಗ್ಯಾಂಗ್‌ಗಳು ಬೀಡ್ ಕಡೆಯಿಂದ, ವಿಜಯಪುರದ ಕಡೆಯಿಂದ ಸಂಸಾರ ಸಮೇತ ಬಂದು ಈ ಭಾಗದ ಊರಂಚಿನಲ್ಲಿ ಜೋಪಡಿ ಹಾಕುತ್ತವೆ. ಅವರ ನೀರು, ಅವರ ಮಕ್ಕಳ ಲಸಿಕೆ, ಅಂಗನವಾಡಿ ಯಾರ ಪಟ್ಟಿಯಲ್ಲೂ ಸರಿಯಾಗಿ ಕೂರುವುದಿಲ್ಲ. ಡಿಸೆಂಬರ್ ಸಭೆಗೆ ಸಕ್ಕರೆ ಕಾರ್ಖಾನೆಗಳ ಪ್ರತಿನಿಧಿಗಳನ್ನೂ ಆಶಾ ಕಾರ್ಯಕರ್ತೆಯರನ್ನೂ ಕರೆಯಬೇಕು ಎನ್ನುವುದು ಈ ಕಾರಣಕ್ಕೆ.

ಕೊನೆಯದಾಗಿ ಭಾಷೆಯ ಮಾತು, ಬೆಳಗಾವಿ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಮುಂದೆ ಹೋಗಲಾಗದು. ಜಾತ್ರೆಯ ಮಾಹಿತಿ ಫಲಕದಲ್ಲಿ ಕನ್ನಡದ ಕೆಳಗೆ ಮರಾಠಿಯೂ ಇರಬೇಕು ಎಂದರೆ ಕೆಲವರಿಗೆ ಸಿಟ್ಟು ಬರಬಹುದು. ಗಡಿ ವಿವಾದ ಕೆರಳಿದ 2022ರ ಡಿಸೆಂಬರ್ ಎಲ್ಲರ ನೆನಪಿನಲ್ಲಿದೆ. ವಾಹನಗಳ ಮೇಲೆ ಕಲ್ಲು ಬಿದ್ದವು, ಬಸ್ಸುಗಳು ನಿಂತವು. 22ರಂದು ಕರ್ನಾಟಕದ ವಿಧಾನಸಭೆ, 27ರಂದು ಮಹಾರಾಷ್ಟ್ರದ ವಿಧಾನಸಭೆ ಗಡಿಯ ಬಗ್ಗೆ ಎದುರುಬದುರು ನಿರ್ಣಯ ಮಾಡಿದವು. ಅದಾಗಿ ಆರು ವಾರಕ್ಕೆ, 2023ರ ಫೆಬ್ರುವರಿ 5ಕ್ಕೆ, ಭಾರತ ಹುಣ್ಣಿಮೆ ಬಂತು. ಆಚೆಯಿಂದ ಬರುವ ಭಕ್ತ ಮಾಯಕ್ಕಾದೇವಿಯನ್ನು ಕೇಳಿಕೊಂಡು ಬರುತ್ತಾನೆ, ಗಡಿ ಸರಿಸಲು ಬರುವುದಿಲ್ಲ. ಕನ್ನಡ ಮೇಲೆ, ದೊಡ್ಡ ಅಕ್ಷರದಲ್ಲಿ ಇರಲಿ, ಅದರಲ್ಲಿ ರಾಜಿ ಬೇಡ. ಆದರೆ ಕುಡಿಯುವ ನೀರು ಎಲ್ಲಿ, ಹೆಂಗಸರ ಶೌಚಾಲಯ ಎಲ್ಲಿ, ಕಳೆದುಹೋದ ಮಗುವನ್ನು ಎಲ್ಲಿ ವಿಚಾರಿಸಬೇಕು, ಸಿಲಿಂಡರ್ ಎಲ್ಲಿ ಹಚ್ಚಬಾರದು ಎಂಬ ನಾಲ್ಕು ಸಾಲು ಓದುವವನಿಗೆ ತಿಳಿಯದಿದ್ದರೆ ಫಲಕ ಹಾಕಿದ ಪ್ರಯೋಜನವಿಲ್ಲ, ಮತ್ತು ಅವನು ತಪ್ಪಿದರೆ ತೊಂದರೆ ಊರಿಗೇ. ಈ ಫಲಕಗಳ ಬರಹವನ್ನೂ ಡಿಸೆಂಬರ್‌ನ ಸಭೆಯಲ್ಲೇ, ಊರವರ ಎದುರಿಗೇ ಓದಿ ಒಪ್ಪಿಸಿಕೊಳ್ಳುವುದು ಒಳ್ಳೆಯದು. ಆಗ ಹುಣ್ಣಿಮೆ ಹತ್ತಿರವಾದಾಗ ಅದರ ಮೇಲೆ ಜಗಳ ಹುಟ್ಟುವುದಿಲ್ಲ, ಬೋರ್ಡ್ ಬರೆಯುವ ಪೇಂಟರನಿಗೂ ತಿಂಗಳೊಪ್ಪತ್ತು ಸಮಯ ಸಿಗುತ್ತದೆ.