ಸರಾಸರಿಯ ಕಂಬದಲ್ಲಿ ನಮ್ಮ ಕೇರಿ ಕಾಣುವುದಿಲ್ಲ



ಲೆಕ್ಕ ಎಂದರೆ ಹಾಸ್ಟೆಲಿನ ನಾವು ಮಾರು ದೂರ ಓಡುತ್ತೇವೆ. ಆದರೆ ನಮ್ಮ ಬದುಕನ್ನು ಲೆಕ್ಕಕ್ಕೆ ಇಳಿಸುವವರು ಓಡುವುದಿಲ್ಲ. ಅವರು ಗ್ರಾಫ್ ಬರೆದು ತೋರಿಸ್ತಾರೆ, ನಾವು ತಲೆಯಾಡಿಸ್ತೀವಿ. ಯಾವ ಗ್ರಾಫ್ ಬರೆಯಬೇಕು ಎಂಬುದರಲ್ಲೂ ರಾಜಕೀಯ ಇದೆ.

ಹತ್ತು ಮನೆಗಳ ಒಂದು ಊರು ಅಂದ್ಕೊಳ್ಳಿ. ನಾಲ್ಕು ಮನೆಗೆ ತುಂಡು ನೆಲವಿಲ್ಲ. ಮೂರಕ್ಕೆ ಒಂದೊಂದು ಎಕರೆ, ಒಂದಕ್ಕೆ 2, ಒಂದಕ್ಕೆ 5, ದೊಡ್ಡಮನೆಗೆ 40. ಒಟ್ಟು 50 ಎಕರೆ, ಸರಾಸರಿ 5. ಕಂಬದ ಗ್ರಾಫ್ ನಿಲ್ಲಿಸಿ, "ಮನೆಗೆ 5 ಎಕರೆ ಇದೆಯಲ್ಲ, ಇನ್ನೇನು ಬೇಕು?" ಅಂತ ಕೇಳಿದರೆ? ಆ ಊರಲ್ಲಿ 5 ಎಕರೆಗಿಂತ ಹೆಚ್ಚು ಇರುವುದು ಒಂದೇ ಮನೆಗೆ!

ಈಗ ಮನೆಗೊಂದು ಚುಕ್ಕಿ ಇಡಿ. ಸೊನ್ನೆಯ ಮೇಲೆ ನಾಲ್ಕು ಚುಕ್ಕಿ, ದೂರದ 40ರಲ್ಲಿ ಒಂಟಿ ಚುಕ್ಕಿ. ಊರಿನ ಕಥೆ ಒಂದೇ ನೋಟಕ್ಕೆ ಬಯಲು. ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿದಾಗ ನಡುವೆ ಬರುವ ಮಧ್ಯಾಂಕ 1 ಎಕರೆ. ಅದೇ ಇಲ್ಲಿ ನಿಜವಾದ ನಡು.

ನೂರಾರು ಮನೆಗಳಿದ್ದರೆ ಹಿಸ್ಟೋಗ್ರಾಂ ಬರೆಯಿರಿ. ನಾಲ್ಕಾರು ಊರುಗಳನ್ನು ಹೋಲಿಸಬೇಕಾದರೆ ಬಾಕ್ಸ್ ಪ್ಲಾಟುಗಳನ್ನು ಒಂದೇ ಅಳತೆಯ ಮೇಲೆ ಪಕ್ಕಪಕ್ಕ ಇಡಿ. ನಡುವಿನ ಅರ್ಧ ಜನ ಪೆಟ್ಟಿಗೆಯೊಳಗೆ, ಮಧ್ಯಾಂಕ ಅದರೊಳಗಿನ ಗೆರೆ, ತೀರಾ ದೂರದವರು ಹೊರಗಿನ ಚುಕ್ಕಿ. ಆದರೆ ಒಂದು ಎಚ್ಚರ: ಊರು ಕೇರಿ ಎರಡು ಗುಂಪಾಗಿ ನಿಂತಿದ್ದರೆ ಪೆಟ್ಟಿಗೆ ಆ ಒಡಕನ್ನು ಮುಚ್ಚಿಬಿಡುತ್ತೆ. ಅಲ್ಲಿ ಹಿಸ್ಟೋಗ್ರಾಮೇ ಬೇಕು.

2015-16ರ ಕೃಷಿ ಗಣತಿಯಲ್ಲಿ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರು, ಪರಿಶಿಷ್ಟ ಜಾತಿಯವರದು 0.78. ಎರಡು ಕಂಬ ನಿಲ್ಲಿಸಿದರೆ ಅಂತರ ಅಷ್ಟೇನಿಲ್ಲ ಅನ್ನಿಸುತ್ತೆ. ಆದರೆ ಆ ಗಣತಿ ಎಣಿಸುವುದು ಸಾಗುವಳಿಯ ಹಿಡುವಳಿಗಳನ್ನು. ಸಾಗುವಳಿಯೇ ಇಲ್ಲದ ಕೂಲಿಕಾರರ ಮನೆ ಅದರೊಳಗೆ ಬರುವುದೇ ಇಲ್ಲ. ನಾವು ಅಂದುಕೊಂಡ ಊರಲ್ಲೂ ನಾಲ್ಕು ಸೊನ್ನೆ ಬಿಟ್ಟುಬಿಡಿ: ಯಾರಿಗೂ ಗುಂಟೆ ನೆಲ ಸಿಗದೆ ಸರಾಸರಿ 5ರಿಂದ 8 ದಾಟುತ್ತದೆ!

ಎಣಿಕೆಗೇ ಬಾರದ ಸೊನ್ನೆಯನ್ನು ಯಾವ ಗ್ರಾಫೂ ತೋರಿಸಲಾರದು. ಆದ್ದರಿಂದ ರಜೆಗೆ ಊರಿಗೆ ಹೋದಾಗ ಮನೆಮನೆ ಎಣಿಸೋಣ. ಇಲ್ಲದವರ ಮುಂದೆ ಸೊನ್ನೆ ಬರೆಯೋಣ. 40 ಎಕರೆಯವನನ್ನೂ ಅಳಿಸುವುದು ಬೇಡ. ಮನವಿ ಪತ್ರದ ಜೊತೆ ಚುಕ್ಕಿಗಳ ಹಾಳೆಯನ್ನೂ ಮೇಜಿನ ಮೇಲಿಡೋಣ. ಆಮೇಲೆ ಸರಾಸರಿ ಹೇಳಲಿ, ನೋಡೋಣ.