ಊರು ಬೇಕು, ಊರವರು ಬೇಡ

ಡೊಂಬಿವಲಿಯ ಫ್ಲ್ಯಾಟು ಮಾರಿದರೆ ಊರಿನಲ್ಲಿ ಎಷ್ಟು ಎಕರೆ ಬರುತ್ತದೆ? ಥಾಣೆಯಿಂದ ಕಲ್ಯಾಣದವರೆಗೆ, ಐರೋಲಿಯಿಂದ ಪನ್ವೇಲಿನವರೆಗೆ, ಐವತ್ತೈದು ದಾಟಿದ ಕನ್ನಡಿಗರು ನಾಲ್ಕು ಮಂದಿ ಸೇರಿದಲ್ಲಿ ಈ ಲೆಕ್ಕ ಬಂದೇ ಬರುತ್ತದೆ. ಆಮೇಲೆ ಹೋಲಿಕೆ ಶುರು. ಕರ್ಜತ್ ಹತ್ತಿರ, ಆದರೆ ದುಬಾರಿ. ಉಡುಪಿ ನಮ್ಮದೇ, ಆದರೆ ಸೆಕೆ. ಶಿರಸಿ ತಂಪು, ಆದರೆ ದೂರ. ಸಾಗರದ ಕಡೆ ತೋಟ ಸಿಗುತ್ತದೆ, ಆಳು ಸಿಗುವುದಿಲ್ಲ. ಬೆಲೆ, ಹವೆ, ರೈಲು, ಕಿಟಕಿಯಾಚೆ ಕಾಣುವ ಹಸಿರು ಎಲ್ಲವೂ ತೂಕಕ್ಕೆ ಬೀಳುತ್ತವೆ. ಅಲ್ಲಿ ಈಗಾಗಲೇ ಬದುಕುತ್ತಿರುವ ಜನ ಮಾತ್ರ ಈ ತಕ್ಕಡಿಗೆ ಬರುವುದೇ ಇಲ್ಲ.

ಮೂವತ್ತು ನಲವತ್ತು ವರ್ಷ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿ ದುಡಿದವರಿಗೆ ನೆಮ್ಮದಿ ಬಯಸುವ ಹಕ್ಕಿಲ್ಲ ಎಂದು ಯಾರೂ ಹೇಳಲಾರರು. ಆದರೆ ಹಳ್ಳಿಯಲ್ಲಿ ಮನೆ ಕಟ್ಟುವವನು ಇನ್ನೊಬ್ಬರ ನೀರು, ಇನ್ನೊಬ್ಬರ ದಾರಿ, ಇನ್ನೊಬ್ಬರ ಕೂಲಿಯ ಲೆಕ್ಕದೊಳಗೆ ಕಾಲಿಡುತ್ತಾನೆ. ಯಾವ ಸೀಮೆ ಚೆನ್ನ ಎಂದು ಕೇಳುವ ಮೊದಲು, ಆ ಸೀಮೆಗೆ ತಾನು ಯಾವುದಕ್ಕೆ ಬೇಕು ಎಂದು ಕೇಳಿಕೊಳ್ಳಬೇಕು. ಈ ಪ್ರಶ್ನೆಗೆ ಉತ್ತರವಿಲ್ಲದವನು ಎಲ್ಲಿ ಜಾಗ ಕೊಂಡರೂ ಒಂದೇ, ಆ ಜಾಗ ಕೆಡುತ್ತದೆ.

ಹತ್ತಿರದ ಹಳ್ಳಿಗಳನ್ನೇ ನೋಡಿ. ಮಹಾರಾಷ್ಟ್ರದ 1948ರ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆಯ 63ನೇ ಕಲಂ ಪ್ರಕಾರ ರೈತನಲ್ಲದವನು ಅನುಮತಿಯಿಲ್ಲದೆ ಕೃಷಿ ಜಮೀನು ಕೊಳ್ಳುವಂತಿಲ್ಲ. ಆದ್ದರಿಂದ ಮುರ್ಬಾಡ್, ಶಹಾಪುರ, ಕರ್ಜತ್ ಕಡೆ ಮಾರಾಟವಾಗುವುದು ಹೊಲವಲ್ಲ, ಎನ್‌ಎ ಪ್ಲಾಟು. ಅಂದರೆ ಅಲ್ಲಿ ಬೇಸಾಯ ನಿಂತಿದೆ ಎಂಬ ಸರಕಾರಿ ಮೊಹರು ಬಿದ್ದ ಮೇಲೆಯೇ ನಮ್ಮವರು 'ಫಾರ್ಮ್‌ಹೌಸ್' ಕಟ್ಟುತ್ತಾರೆ. ಶಹಾಪುರ ತಾಲೂಕಿನಲ್ಲಿ ಭಾತ್ಸಾ ಇದೆ, ತಾನ್ಸಾ ಇದೆ. ಮುಂಬಯಿ ಕುಡಿಯುವುದು ಅಲ್ಲಿಯ ನೀರು. ಅದೇ ತಾಲೂಕಿನ ಪಾಡಾಗಳಲ್ಲಿ ಬೇಸಿಗೆ ಬಂತೆಂದರೆ ಹೆಂಗಸರು ಟ್ಯಾಂಕರಿಗೆ ಕಾಯುತ್ತಾರೆ. ಅಲ್ಲೇ ಪಕ್ಕದಲ್ಲಿ ಬೋರ್‌ವೆಲ್ ಕೊರೆಸಿ, ಹುಲ್ಲುಹಾಸು ಬೆಳೆಸಿ, ಶನಿವಾರ ಭಾನುವಾರ ಈಜುಕೊಳದಲ್ಲಿ ಕಾಲಾಡಿಸುವುದನ್ನು ನಗರ ಬಿಟ್ಟು ಬಂದದ್ದು ಎನ್ನಲಾಗದು. ಅಂಥವನು ನಗರವನ್ನು ಬೆನ್ನ ಮೇಲೆ ಹೊತ್ತು ತಂದಿದ್ದಾನೆ.

ಇದು ಹೊಸದೂ ಅಲ್ಲ. 1970ರಲ್ಲಿ ಸಿಡ್ಕೋ ಹುಟ್ಟಿತು. ನವಿ ಮುಂಬಯಿ ಎದ್ದದ್ದು 95 ಹಳ್ಳಿಗಳ ನೆಲದ ಮೇಲೆ. 1984ರ ಜನವರಿಯಲ್ಲಿ ಉರಣ್ ತಾಲೂಕಿನ ಜಾಸಯಿಯ ಸುತ್ತ, ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ನೆಲದ ಬೆಲೆಗಾಗಿ ಬೀದಿಗಿಳಿದ ಆಗ್ರಿ, ಕೋಳಿ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಐವರು ಸತ್ತರು. ಕಳೆದುಕೊಂಡ ನೆಲದ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ಯೋಜನೆ ಆ ಹೋರಾಟದ ಫಲ. ನೆರೂಳಿನಲ್ಲೋ ವಾಶಿಯಲ್ಲೋ ಫ್ಲ್ಯಾಟು ಮಾಡಿಕೊಂಡ ಕನ್ನಡಿಗ ಒಮ್ಮೆ ಇನ್ನೊಬ್ಬರ ಗದ್ದೆಯ ಮೇಲೆ ಮನೆ ಮಾಡಿಯಾಗಿದೆ. ನಿವೃತ್ತಿಗೆಂದು ಎರಡನೆಯ ಗದ್ದೆ ಹುಡುಕುವಾಗಲಾದರೂ ಅದು ನೆನಪಿರಬೇಕು. ಕಲ್ಯಾಣ್ ಡೊಂಬಿವಲಿ ಪಾಲಿಕೆಗೆ 2015ರಲ್ಲಿ 27 ಹಳ್ಳಿಗಳನ್ನು ಸೇರಿಸಿದ ಸರಕಾರ, 2020ರಲ್ಲಿ ಅವುಗಳಲ್ಲಿ 18ನ್ನು ಹೊರಗಿಡಲು ಹೊರಟಿತು. ಅತ್ತ ಹಳ್ಳಿಯೂ ಅಲ್ಲ, ಇತ್ತ ಪೇಟೆಯೂ ಅಲ್ಲ. ಇಂದಿನ ಮುರ್ಬಾಡು ನಾಳಿನ ಡೊಂಬಿವಲಿ. ಅಲ್ಲಿ ಶಾಂತಿ ಕೊಳ್ಳುವವನೇ ಅದನ್ನು ಮುಗಿಸುವವನು.

ಸರಿ, ಹಾಗಾದರೆ ಕರಾವಳಿ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಊರು ಒಂದು ರಾತ್ರಿಯ ದೂರ. ಮಧ್ಯಾಹ್ನ ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿದರೆ ಬೆಳಗಿಗೆ ಉಡುಪಿ. ಹೋಗಿ ಬರುವುದು ಸುಲಭವಾದಷ್ಟೂ ಹೋಗಿ ನಿಲ್ಲುವುದು ಕಡಿಮೆಯಾಯಿತು. ಉಡುಪಿ, ಕುಂದಾಪುರ, ಕಾರ್ಕಳದ ಬೈಲುಗಳಲ್ಲಿ ಮುಂಬಯಿ ಹಣದ ದೊಡ್ಡ ಮನೆಗಳಿವೆ. ಗೇಟಿಗೆ ಬೀಗ, ಗೋಡೆಗೆ ಕ್ಯಾಮೆರಾ, ಅಂಗಳದಲ್ಲಿ ಇಂಟರ್‌ಲಾಕ್. ವರ್ಷಕ್ಕೊಮ್ಮೆ ನೇಮಕ್ಕೋ ಆಯನಕ್ಕೋ ಬಾಗಿಲು ತೆರೆಯುತ್ತದೆ. ಬ್ರಹ್ಮಕಲಶಕ್ಕೆ 'ಮುಂಬಯಿ ಸಮಿತಿ' ಲಕ್ಷಗಟ್ಟಲೆ ಒಟ್ಟು ಮಾಡುತ್ತದೆ, ದಾನಿಗಳ ಹೆಸರು ಕಲ್ಲಿನ ಮೇಲೆ ಕೂರುತ್ತದೆ. ಆ ದೇವಸ್ಥಾನದ ಎದುರಿನ ಗದ್ದೆ ಹಡಿಲು ಬಿದ್ದಿರುತ್ತದೆ.

ಹಡಿಲು ಬಿದ್ದ ಗದ್ದೆ ಒಬ್ಬನ ಖಾಸಗಿ ವಿಷಯವಲ್ಲ. ಬೈಲಿನ ಗದ್ದೆಗಳು ಒಂದರ ನೀರನ್ನು ಒಂದಕ್ಕೆ ದಾಟಿಸುತ್ತವೆ. ಮೇಲಿನವನು ಬದು ಕಟ್ಟದಿದ್ದರೆ ಕೆಳಗಿನವನ ನಾಟಿ ಕೊಚ್ಚಿ ಹೋಗುತ್ತದೆ. ನಡುವಿನವನು ಮಣ್ಣು ತುಂಬಿಸಿ ಮನೆ ಕಟ್ಟಿದರೆ ಮಳೆಗಾಲದ ನೀರು ಪಕ್ಕದವನ ಅಂಗಳಕ್ಕೆ ನುಗ್ಗುತ್ತದೆ. ಪೊದೆ ಬೆಳೆದಲ್ಲಿ ಹಂದಿ ಸೇರಿಕೊಂಡು ಉಳಿದವರ ಪೈರು ತಿನ್ನುತ್ತದೆ. ತೋಡಿಗೆ ಕಟ್ಟ ಹಾಕಲು ಹತ್ತು ಮನೆಯವರು ಬೇಕು. ಆರು ಮನೆಗೆ ಬೀಗವಿದ್ದರೆ ಕಟ್ಟವಿಲ್ಲ, ಕಟ್ಟವಿಲ್ಲದಿದ್ದರೆ ಮಾರ್ಚಿನಲ್ಲೇ ಬಾವಿಯ ನೀರು ಇಳಿಯುತ್ತದೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳ ಆಂದೋಲನವೇ ನಡೆಯಿತು, ಜಮೀನಿನವರ ಒಪ್ಪಿಗೆ ಪಡೆದು ಊರವರು, ವಿದ್ಯಾರ್ಥಿಗಳು ನಾಟಿಗಿಳಿದರು. ಇರುವವರು ಇಲ್ಲದವರ ಕೆಲಸ ಮಾಡಿಕೊಟ್ಟರು.

ಇದರ ಹಿಂದೆ ಕಾನೂನಿನ ಒಂದು ವ್ಯಂಗ್ಯವೂ ಇದೆ. 1974ರ ಭೂಸುಧಾರಣೆ ಉಳುವವನನ್ನು ಒಡೆಯನಾಗಿಸಿತು, ಗೇಣಿಯನ್ನು ನಿಷೇಧಿಸಿತು. ಒಡೆಯನಾದವನ ಮಕ್ಕಳು ಮುಂಬಯಿ ಹೋಟೆಲು ಸೇರಿದರು. ಇಂದು ಅವರಿಗೆ ಗದ್ದೆಯನ್ನು ಇನ್ನೊಬ್ಬರ ಕೈಗೆ ಕೊಡಲು ಭಯ, ಕೊಟ್ಟರೆ ಹೋಯಿತೆಂದು. ಅಪ್ಪನಿಗೆ ನೆಲ ಕೊಟ್ಟ ಕಾಯ್ದೆಯೇ ಮಗನಿಗೆ ನೆಲ ಪಾಳು ಬಿಡಲು ನೆವವಾಯಿತು. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳು ಹೋದವು, ರೈತನಲ್ಲದವನೂ ಕರ್ನಾಟಕದಲ್ಲಿ ಜಮೀನು ಕೊಳ್ಳಬಹುದು. ಪಹಣಿಯಲ್ಲಿ ಹೆಸರು ಬರುವುದು ಅಷ್ಟು ಸುಲಭವಾದಾಗ ಅಲ್ಲೇ ಉಳಿದು ದುಡಿಯುವ ಹುಡುಗನಿಗೆ ಒಂದು ಎಕರೆ ಕೊಳ್ಳುವ ಕನಸೂ ದುಬಾರಿ. ಪೈಪೋಟಿಗೆ ನಿಂತಿರುವುದು ಡೊಂಬಿವಲಿಯ ಫ್ಲ್ಯಾಟಿನ ಬೆಲೆ.

ಇನ್ನು ಘಟ್ಟದ ಮೋಹ. ಉತ್ತರ ಕನ್ನಡದ ಹಸಿರು ನೋಡಿ ಮನಸ್ಸು ಕೊಟ್ಟವರು ಅಲ್ಲಿಯ ಜನ 2022ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಕೂಗಿದ್ದನ್ನು ಕೇಳಿರಬೇಕು. ಆ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದ ಕಡೆ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ಜೀವಗಳು ಹೋದವು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಕುಸಿಯಿತು. ಅರುವತ್ತರ ಮೇಲೆ ಅಲ್ಲಿ ಹೋಗಿ ಕೂರುವವನು ಈ ಕೂಗಿಗೆ ದನಿ ಸೇರಿಸಲು ಸಿದ್ಧನಿರಬೇಕು. ಎದೆ ನೋವು ಬಂದಾಗ ವಾಪಸು ಥಾಣೆಗೆ ಓಡುವ ಯೋಚನೆಯಿದ್ದರೆ ಅವನು ಅಲ್ಲಿ ಪ್ರವಾಸಿ ಅಷ್ಟೆ.

ಈ ಮಾತುಕತೆಯಲ್ಲಿ ಎಂದೂ ಕೂರಿಸದ ಇಬ್ಬರಿದ್ದಾರೆ. ಒಬ್ಬಳು ಮನೆಯಾಕೆ. ಡೊಂಬಿವಲಿಯಲ್ಲಿ ಅವಳಿಗೆ ಭಜನಾ ಮಂಡಳಿಯಿದೆ, ಕನ್ನಡ ಸಂಘದ ಮಹಿಳಾ ವಿಭಾಗವಿದೆ, ಕೇಳದೆ ಮನೆಯಿಂದ ಹೊರಡುವ ಸ್ವಾತಂತ್ರ್ಯವಿದೆ. ಊರಿನ ಕುಟುಂಬದ ಮನೆಯಲ್ಲಿ ಅವಳಿಗೆ ಕಾದಿರುವುದು ಅಡುಗೆಮನೆ ಮತ್ತು ನೇಮದ ನೆಂಟರು. ಗಂಡಸಿನ ನಿವೃತ್ತಿ ಅವಳ ಹೊಸ ಉದ್ಯೋಗವಾಗುತ್ತದೆ. ಇನ್ನೊಬ್ಬ ಕಲಬುರಗಿ, ಯಾದಗಿರಿಯಿಂದ ಬಂದು ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಲ್ಲುವವ. ಅವನೂ ಕನ್ನಡಿಗನೇ, ಅವನಿಗೂ ಊರಿದೆ. ಜತ್ತದ ಗಡಿಯ ಕನ್ನಡ ಹಳ್ಳಿಗಳು 2022ರಲ್ಲಿ ನೀರಿನ ಪ್ರಶ್ನೆಗೆ ಸುದ್ದಿಯಾದಾಗ, ಅಲ್ಲಿ ಹೋಗಿ ನೆಲೆಸುತ್ತೇವೆ ಎಂದವರನ್ನು ಯಾರೂ ಕಾಣಲಿಲ್ಲ. ನೀರಿಲ್ಲದ ಸೀಮೆ ಯಾರ ಪಟ್ಟಿಯಲ್ಲೂ ಇಲ್ಲ.

2020ರ ಮೇ ತಿಂಗಳನ್ನು ನೆನೆದು ಹಲವರು ಕಣ್ಣೀರು ಹಾಕುತ್ತಾರೆ. ಮಹಾರಾಷ್ಟ್ರದಿಂದ ಬರುವವರನ್ನು ಕರ್ನಾಟಕ ತಡೆಯಿತು, ಊರಲ್ಲಿ 'ಮುಂಬಯಿಯವರು' ಎಂಬ ಮಾತು ರೋಗದ ಹೆಸರಾಯಿತು. ಅದು ಕ್ರೂರವೇ. ಆದರೆ ವರ್ಷಕ್ಕೆ ಹತ್ತು ದಿನ ಕಾಣುವವನನ್ನು ನೆರೆಯವನೆಂದು ಊರು ಗುರುತಿಸಲಿಲ್ಲ ಎಂಬುದೂ ಅದರಲ್ಲಿತ್ತು. ನೆರೆಹೊರೆ ದೇಣಿಗೆಯಿಂದ ಹುಟ್ಟುವುದಿಲ್ಲ, ಸಾವಿನ ಮನೆಗೆ ಹೊತ್ತಿಗೆ ಹೋಗುವುದರಿಂದ ಹುಟ್ಟುತ್ತದೆ.

ಹಾಗಾದರೆ ಯಾರೂ ಹೋಗಬಾರದೇ? ಹೋಗಬೇಕು. ಶಾಲೆ ಮುಚ್ಚುತ್ತಿರುವ, ಲೆಕ್ಕ ಬರೆಯುವವರಿಲ್ಲದ, ಕಟ್ಟ ಹಾಕಲು ಕೈ ಸಾಲದ ಊರುಗಳಿಗೆ ನಗರದಲ್ಲಿ ದುಡಿದು ಪಳಗಿದವರು ಬೇಕೇ ಬೇಕು. ಕೊಳ್ಳುವ ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ಬಾಡಿಗೆಗೆ ಇದ್ದು ನೋಡಲಿ, ಹೆಂಡತಿಯ ಮಾತು ಮೊದಲು ಕೇಳಲಿ. ಹೋದ ಮೇಲೆ ಮತದಾರರ ಪಟ್ಟಿಯ ಹೆಸರನ್ನು ಡೊಂಬಿವಲಿಯಿಂದ ಅಲ್ಲಿಗೆ ವರ್ಗಾಯಿಸಲಿ. ಆ ಪಟ್ಟಿಯಲ್ಲಿ ಇಲ್ಲದವನು ಗ್ರಾಮಸಭೆಯ ಸದಸ್ಯನೇ ಅಲ್ಲ. ರಸ್ತೆ, ನೀರು, ಶಾಲೆಯ ಮಾತಿನಲ್ಲಿ ಅವನಿಗೆ ಪಾಲಿಲ್ಲ, ಹೊಣೆಯೂ ಇಲ್ಲ.

ಇಷ್ಟು ಆಗದವನು ಡೊಂಬಿವಲಿಯಲ್ಲೇ ಇರಲಿ. ಅಲ್ಲಿಯೂ ನಲ್ಲಿ ನೀರಿನ, ರಸ್ತೆ ಗುಂಡಿಯ, ತುಂಬಿದ ರೈಲಿನ ಜಗಳ ಬಾಕಿಯಿದೆ, ಅದಕ್ಕೂ ಜನ ಬೇಕು. ಊರಿನ ಗದ್ದೆಯನ್ನು ಉಳುವವರಿಗೆ ಮಾರಲಿ. ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಊರನ್ನು ಪ್ರೀತಿಸುತ್ತೇನೆ ಎನ್ನುವುದನ್ನು ಮಾತ್ರ ನಿಲ್ಲಿಸಲಿ.